ಎರಡನೇ ಗ್ಲೌಸು

ಗಾಲ್ಫ್ ಕಾರ್ಟು ನೇರವಾಗಿ ನನ್ನ ಮೇಲೇ ನುಗ್ಗಿ ಬಂತು!

ನಗಬೇಡಿ. ಗಾಲ್ಫ್ ಕಾರ್ಟು ಅಂದರೆ ಆಟದ ಸಾಮಾನು ಅಂದುಕೊಂಡಿದ್ದೀರಿ. ಇಳಿಜಾರಿನಲ್ಲಿ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು, ತಲೆಕೆಟ್ಟ ಕ್ಲಬ್ ಅಧ್ಯಕ್ಷನೊಬ್ಬ ಓಡಿಸುತ್ತಿದ್ದರೆ... ಅದೂ ಮೂಳೆ ಮುರಿಯುತ್ತದೆ.

"ಲೊರೇನ್! ಆ ಬಾಟ್ಲಿ ಇತ್ಲಾಗ್ ಕೊಡು!"

"ಖಾಲಿ, ಡೆಸ್ಮಂಡ್!"

"ಎಲ್ಲಿ ಸುರಿದೆ?"

"ನಿನ್ನ ಶೆಡ್ಡಿನ ಚರಂಡಿಗೆ!"

ಅವನ ಮುಖ ಬಿಳಿಚಿತು. ಕಾಲು ಮಾತ್ರ ಆಕ್ಸಿಲರೇಟರ್ ಮೇಲೇ ಇತ್ತು.

ಹಾರಿದೆ. ಮರಳುಗುಂಡಿಗೆ ಬೋರಲು ಬಿದ್ದೆ. ಪಾದ ಉಳುಕಿತು, ಬಾಯಿ ತುಂಬ ಮರಳು!

ನನ್ನ ಕೆಲಸ ಹೇಳಿಬಿಡುತ್ತೇನೆ. ಹೋಟೆಲು, ಈಜುಕೊಳ, ಗಾಲ್ಫ್ ಕ್ಲಬ್ಬು... ಇವೆಲ್ಲ ತಮ್ಮ ಕೊಳೆಯನ್ನು ತಾವೇ ಸಂಭಾಳಿಸುತ್ತಿವೆಯೇ ಅಂತ ತಪಾಸಣೆ ಮಾಡುವವಳು ನಾನು. ಪರಿಸರ ನಿರ್ವಹಣಾ ವ್ಯವಸ್ಥೆ ಅಂತ ಅದಕ್ಕೊಂದು ಘನವಾದ ಹೆಸರು. ಎಲ್ಲ ಸರಿಯಿದ್ದರೆ ಸರ್ಟಿಫಿಕೇಟ್ ಕೊಡುತ್ತೇನೆ. ಇಲ್ಲದಿದ್ದರೆ ಯಾರಿಗೂ ಬೇಡದ ನೆಂಟಳು.

ಅಧ್ಯಕ್ಷ ಡೆಸ್ಮಂಡ್ ಪ್ರೌಟ್ ಆಣೆ ಮಾಡಿದ್ದ. ಹುಲ್ಲಿಗೆ ಕೀಟನಾಶಕ ಹೊಡೆಯುವ ಯಂತ್ರವನ್ನು ಶೆಡ್ಡಿನಲ್ಲಿ ತೊಳೆದ ನೀರೆಲ್ಲ ಮುಚ್ಚಿದ ಟ್ಯಾಂಕಿಗೇ ಹೋಗುತ್ತದಂತೆ. ನದಿಗೆ ಒಂದು ಹನಿಯೂ ಇಲ್ಲವಂತೆ.

ಅದೇ ನದಿ ಹರಿದು ಹೋಗುವ ಕೆಳದಿಕ್ಕಿನಲ್ಲಿ ಐರಿನಿ ವ್ಲಾಹೋಸ್ ತಿನ್ನುವ ಸಿಂಪಿ ಸಾಕುತ್ತಾಳೆ. ಸಿಂಪಿ ಅಂಟಿ ಬೆಳೆಯಲು ಅವಳಪ್ಪ ನೀರಿನಲ್ಲಿ ನೆಟ್ಟ ಗೂಟಗಳು, ಅವಳು ಬೆಳೆಸಿದ ಸಿಂಪಿ. ಎರಡು ಸಲ ಅದರಲ್ಲಿ ವಿಷ ಸಿಕ್ಕಿತ್ತು. ಇನ್ನೊಮ್ಮೆ ಸಿಕ್ಕರೆ ಲೈಸೆನ್ಸು ರದ್ದು. ತನ್ನದಲ್ಲದ ತಪ್ಪಿಗೆ ಅವಳ ಬಾಳು ಮುಳುಗುತ್ತಿತ್ತು.

ಅದಕ್ಕೇ ಚರಂಡಿಗೆ ಬಣ್ಣ ಸುರಿದೆ. ಗಿಣಿಹಸಿರು! ಸಿಂಪಿಗೆ ಏನೂ ಆಗುವುದಿಲ್ಲ. ಮನುಷ್ಯನ ಚರ್ಮಕ್ಕೆ ಹತ್ತಿದರೆ ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಡೆಸ್ಮಂಡ್ ಮಾತು ನಿಜವಾದರೆ ಅದು ಟ್ಯಾಂಕಿನಲ್ಲೇ ಇರಬೇಕು. ಸುಳ್ಳಾದರೆ ನದಿ ಹಸಿರಾಗಬೇಕು.

ತಲೆ ಎತ್ತಿದೆ. ಗುಂಡಿಯ ಅಂಚಿನಲ್ಲಿ ಅವನು. ಕೈಯಲ್ಲಿ ಗಾಲ್ಫ್ ಕೋಲು.

"ಸುಮ್ನೆ ಸೈನ್ ಹಾಕಿ ಹೋಗು. ಇಲ್ದಿದ್ರೆ ಈ ಕರಾವಳೀಲಿ ನಿಂಗೆ ಇನ್ನೊಂದು ಕೆಲ್ಸ ಸಿಗಲ್ಲ!"

"ಸಿಗ್ದಿದ್ರೆ ಐರಿನಿ ಹತ್ರ ಸಿಂಪಿ ಬಿಡಿಸ್ತೀನಿ. ಹೋಗಯ್ಯ!"

ಕೋಲು ಬೀಸಿದ. ಮರಳು ಎಳೆಯುವ ಹಲುಬೆಗೆ ಬಡಿದು ಅವನ ಕೈಯೇ ಜುಮ್ಮೆಂದಿತು. ಇನ್ನೊಮ್ಮೆ ಎತ್ತಿದವನು ಥಟ್ಟನೆ ನದಿಯ ಕಡೆ ನೋಡಿದ... ಏನೋ ನೆನಪಾಯಿತು. ಕಾರ್ಟು ಹತ್ತಿ ಜೊಂಡಿನ ಪೊದೆಯೊಳಗೆ ನುಗ್ಗಿ ಮರೆಯಾದ.

ಆ ಪೊದೆಯಲ್ಲಿ ಏನಿದೆ?

ಕುಂಟುತ್ತ ಕ್ಲಬ್ಬಿಗೆ ಬಂದೆ. ಚಾಂಪಿಯನ್‌ಶಿಪ್ ದಿನ. ಕೊನೆಯ ಗುಳಿಯ ಪಕ್ಕದಲ್ಲೇ ನದಿ, ದಡದಲ್ಲಿ ಸಾಸೇಜು ಸುಡುವ ಹೊಗೆ, ಕೈಕೈಗೂ ಬಿಯರು. ಐರಿನಿ ತನ್ನ ದೋಣಿಯಲ್ಲಿ ನಿಂತಿದ್ದಳು.

ನೀರು ತಿಳಿಯಾಗಿತ್ತು!

"ಎಲ್ಲೇ ನಿನ್ನ ಹಸಿರು?" ಐರಿನಿ ಹುಟ್ಟಿನಿಂದ ನೀರು ಕಲಕಿ ಕೇಳಿದಳು.

ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿ ನೋಡಿದೆ. ಅದೂ ತಿಳಿ.

ಅಷ್ಟರಲ್ಲಿ ಡೆಸ್ಮಂಡ್ ಬಂದ. ಹೊಸ ಅಂಗಿ, ಹಲ್ಲು ಕಿರಿದ ನಗು. ಕಂಕುಳಲ್ಲಿ ಟ್ರೋಫಿ.

"ನೋಡ್ರಪ್ಪ ನದೀನ! ಈ ಯಮ್ಮ ನಮ್ಮ ಮೇಲೆ ಗೂಬೆ ಕೂರ್ಸಕ್ ಬಂದಿದ್ಲು!"

ಜನ ನಕ್ಕರು. ನಾನು ನಗಲಿಲ್ಲ. ಅವನ ಕೈ ನೋಡುತ್ತಿದ್ದೆ.

ಗಾಲ್ಫ್ ಆಡುವವರು ಒಂದೇ ಕೈಗೆ ಗ್ಲೌಸು ಹಾಕುತ್ತಾರೆ. ಡೆಸ್ಮಂಡ್ ಎರಡೂ ಕೈಗೆ ಹಾಕಿದ್ದ. ಅಂಗಡಿಯ ಚೀಟಿ ಇನ್ನೂ ಒಂದಕ್ಕೆ ನೇತಾಡುತ್ತಿತ್ತು.

"ಮೊದ್ಲು ಟ್ರೋಫಿ ಕೊಟ್ಬಿಡು ಡೆಸ್ಮಂಡ್," ಅಂದೆ. "ಕ್ಲೈವ್ ಕಾಯ್ತಿದಾನೆ."

ಆ ದಿನ ಗೆದ್ದ ಮುದುಕ ಕ್ಲೈವ್ ಟೋಪಿ ತೆಗೆದು, ಗ್ಲೌಸು ಬಿಚ್ಚಿ, ಕೈ ಚಾಚಿದ. ಆಟ ಮುಗಿದ ಮೇಲೆ ಬರಿಗೈಯಲ್ಲಿ ಕೈ ಕುಲುಕಬೇಕು. ಅದು ಅಲ್ಲಿಯ ಮರ್ಯಾದೆ.

ಡೆಸ್ಮಂಡ್ ಗ್ಲೌಸು ಹಾಕಿದ ಕೈಯನ್ನೇ ಚಾಚಿದ.

ಕ್ಲೈವ್ ಹಿಡಿಯಲಿಲ್ಲ. "ಬಿಚ್ಚಪ್ಪ."

"ಕೈಗೆ... ಅಲರ್ಜಿ."

"ನನ್ಗೆ ಎಂಬತ್ತು ವರ್ಷ. ಅಲರ್ಜಿಗೆಲ್ಲ ಸಾಯಲ್ಲ. ಬಿಚ್ಚು!"

ನಗು ನಿಂತಿತು. ಸಾಸೇಜು ಸೀದ ವಾಸನೆ ಬಂತು. 

ಡೆಸ್ಮಂಡ್ ಒಂದೊಂದೇ ಬೆರಳು ಎಳೆದು ಬಿಚ್ಚಿದ. ಅಂಗೈ, ಉಗುರು, ಮಣಿಕಟ್ಟು... ಅಪ್ಪಟ ಗಿಣಿಹಸಿರು!

"ನಾನು ಸುರಿದಿದ್ದು ಶೆಡ್ಡಿನ ಚರಂಡಿಗೆ," ಅಂದೆ. "ಟ್ಯಾಂಕು ಮುಚ್ಚಿದೆ ಅಂದೆ ನೀನು. ಜೊಂಡಿನ ಪೊದೇಲಿ ಈ ಬಣ್ಣ ನಿನ್ನ ಕೈಗೆ ಹೆಂಗಪ್ಪ ಹತ್ತಿತು?"

ಡೆಸ್ಮಂಡ್ ಹಸಿರು ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

"ಡೆಸ್," ಕ್ಲೈವ್ ಮೆಲ್ಲಗೆ ಅಂದ. "ಈ ಆಟದಲ್ಲಿ ಅಂಪೈರ್ ಇಲ್ಲ. ತಪ್ಪು ಮಾಡ್ದೋನು ತಾನೇ ಹೇಳ್ಬೇಕು. ಹೇಳು."

ಅವನ ಭುಜ ಕುಸಿಯಿತು. "ಪೊದೇಲಿ ಒಂದು ಪೈಪಿದೆ... ಶೆಡ್ಡಿಂದ ಸೀದಾ ನದಿಗೆ. ವಾಲ್ವು ತಿರುಗಿಸಿ ನಿಲ್ಲಿಸ್ದೆ. ಬಣ್ಣದ ನೀರು ಕೈಮೇಲೇ ಚಿಮ್ಮಿಬಿಡ್ತು..."

ಐರಿನಿ ದೋಣಿಯಿಂದ ದಡಕ್ಕೆ ಹಾರಿದಳು. ಹೊಡೆದೇಬಿಡುತ್ತಾಳೆ ಅಂದುಕೊಂಡೆ. ಅವಳು ದೋಣಿಯಲ್ಲಿದ್ದ ಗೂಟ ಕೊಯ್ಯುವ ಗರಗಸ ಎತ್ತಿ ಅವನ ಹಸಿರು ಕೈಗೆ ಕೊಟ್ಟಳು.

"ನಡಿ. ಆ ಪೈಪು ನೀನೇ ಕೊಯ್ಯಬೇಕು. ನಾನು ನೋಡ್ಬೇಕು!"

ಕ್ಲಬ್ಬಿಗೆ ಕ್ಲಬ್ಬೇ ಅವನ ಹಿಂದೆ ನಡೆಯಿತು. ಪೈಪು ತುಂಡಾದಾಗ ಐರಿನಿ ಅತ್ತಳು, ನಾಚಿಕೊಳ್ಳದೆ. ಸರ್ಟಿಫಿಕೇಟು ನನ್ನ ಜೇಬಿನಲ್ಲೇ ಉಳಿಯಿತು. ಟ್ಯಾಂಕು ನಿಜವಾಗಿ ಕೆಲಸ ಮಾಡಿದ ದಿನ ಕರೆಯಿರಿ ಅಂದೆ.

ಡೆಸ್ಮಂಡ್ ಶೆಡ್ಡಿನ ನಲ್ಲಿ ತಿರುಗಿಸಿ ಕೈ ತೊಳೆಯಲು ಹೋದ.

"ಏಯ್!" ಅಂದೆ. "ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಮೊದ್ಲು ನೋಡ್ಕೊಂಡು ಬಾ."