ಕೀ ಇಲ್ಲದೆ ಬಿಸಿಯಾದ ಎಂಜಿನ್

ಔಲಿಸ್ ವಾರಲ ಸತ್ತಿದ್ದಾನೆಂದು ಮೊದಲು ತಿಳಿದದ್ದು ನನಗೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಗಿನ ಏಳು ಗಂಟೆ. ಚಳಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿತ್ತು. ಮಂಜುಗಟ್ಟಿದ ಕೆರೆಯಲ್ಲಿ ಗಡ್ಡೆಯಡಿ ಹಾಕಿದ ಅವನ ಮೀನಿನ ಬಲೆ ಎತ್ತಲು ಕೈಜೋಡಿಸುವುದು ನನ್ನ ವಾಡಿಕೆ. ಹೌತಲಂಪಿ ಕೆರೆಯ ದಂಡೆಯಲ್ಲಿ ಎರಡು ವಾರದಿಂದ ಅವನು ವಾಸವಿದ್ದ ಕ್ಯಾಂಪರ್ ವ್ಯಾನು ಕದಲದೆ ನಿಂತಿತ್ತು. ನಮ್ಮಲ್ಲಿ ಮನೆಯ ಅಡಿಪಾಯಕ್ಕೆ ಹಿಮ ಒಟ್ಟಿ ನೆಲ ಬೆಚ್ಚಗಿಡುವಂತೆ, ವ್ಯಾನಿನ ಸುತ್ತ ಮೊಣಕಾಲಿನೆತ್ತರ ಹಿಮ ಒಟ್ಟಿ ಸಲಿಕೆಯಿಂದ ತಟ್ಟಲಾಗಿತ್ತು. ಮುಂಗಾಜಿನ ವೈಪರುಗಳೆರಡೂ ಶರಣಾದವನ ಕೈಗಳಂತೆ ಮೇಲೆದ್ದು ನಿಂತಿದ್ದವು.

ಕೂಗಿದರೆ ಉತ್ತರವಿಲ್ಲ. ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಬಡಿದೆ. ಕೈಗವಸಿಲ್ಲದ ಕೈ. ಲೋಹ ಬೆಚ್ಚಗಿತ್ತು.

ಒಳಗೆ ಔಲಿಸ್ ಎರಡು ಹಿಮಸಾರಂಗದ ಚರ್ಮಗಳ ನಡುವೆ ಮಲಗಿದ್ದ. ಕೆನ್ನೆಗಳು ಕೆಂಪಗಿದ್ದವು, ಬದುಕಿದ್ದಾಗ ಅಷ್ಟು ಕಳೆ ಆ ಮುಖಕ್ಕೆ ಎಂದೂ ಇರಲಿಲ್ಲ. ಹೊಗೆಯ ವಿಷ ಕುಡಿದು ಸತ್ತವರು ಹಾಗೆ ಕಾಣುತ್ತಾರೆಂದು ಆಮೇಲೆ ವೈದ್ಯರು ಹೇಳಿದರು.

ನಲವತ್ತು ಕಿಲೋಮೀಟರ್ ದೂರದ ಪೇಟೆಯಿಂದ ಪೊಲೀಸ್ ಸೊರ್ವರಿ ಬಂದ. ಮುಚ್ಚಳ ಆಗಲೂ ಉಗುರುಬೆಚ್ಚಗಿತ್ತು. ವ್ಯಾನಿನೊಳಗೆ ಒಲೆಯಿರಲಿಲ್ಲ, ಔಲಿಸ್ ಅಡುಗೆ ಮಾಡುತ್ತಿದ್ದುದು ಹೊರಗೆ ಬೆಂಕಿ ಹಾಕಿ. ಹಾಗಾದರೆ ಹೊಗೆ ಎಂಜಿನ್ನಿನದೇ ಆಗಬೇಕು. ಎಂಜಿನ್ ಓಡಲು ಕೀ ಬೇಕು. ಕೀ ವ್ಯಾನಿನಲ್ಲಿ ಇರಲಿಲ್ಲ.

ಅದು ಸಿಕ್ಕಿದ್ದು ಔಲಿಸನ ಮಗಳು ಐಲಾಳ ಕೋಟಿನ ಜೇಬಿನಲ್ಲಿ.

"ಶನಿವಾರ ಅಪ್ಪ ಕುಡೀತಾನೆ. ಕುಡಿದು ಗಾಡಿ ಓಡಿಸ್ಬಾರ್ದು ಅಂತ ನಾನೇ ಇಟ್ಕೊಂಡಿದ್ದೆ," ಎಂದಳು ಅವಳು.

"ಇನ್ನೊಂದು ಕೀ?"

"ಇಲ್ಲ. ಇದೊಂದೇ."

"ಹಿಮ ಒಟ್ಟಿದ್ದು ಯಾರು?"

"ನಾನೇ. ಶನಿವಾರ ಮಧ್ಯಾಹ್ನ. ಹಿಂದ್ಗಡೆ ಹೊಗೆ ಕೊಳವೆಗೆ ಜಾಗ ಬಿಟ್ಟೇ ಒಟ್ಟಿದೀನಿ, ನೋಡಿ ಬೇಕಾದ್ರೆ."

ಅವಳ ಗಂಡ ಯೊರ್ಮ ಪಕ್ಕದಲ್ಲೇ ನಿಂತಿದ್ದ. ಊರಿನ ಒಂದೇ ಗ್ಯಾರೇಜು ಅವನದು. ಆ ವ್ಯಾನನ್ನು ಶರತ್ಕಾಲದಲ್ಲಿ ಮಾವನಿಗೆ ಮಾರಿದ್ದೂ ಅವನೇ. ಟೋಪಿ ತೆಗೆದು, ತಗ್ಗಿದ ದನಿಯಲ್ಲಿ ಹೇಳಿದ: "ಸುಳ್ಳು ಹೇಳೋಕೆ ನನ್ನಿಂದಾಗಲ್ಲ. ಮೂರು ಗಂಟೆಗೆ ಇವಳು ಹಾಸಿಗೇಲಿರ್ಲಿಲ್ಲ. ಬಾಗಿಲ ಸದ್ದು ಕೇಳಿಸ್ತು."

ಐಲಾ ಗಂಡನ ಮುಖ ನೋಡಿದಳು. ಶುಕ್ರವಾರ ಅಂಗಡಿಯೆದುರು ಅಪ್ಪ ಮಗಳ ಮೇಲೆ ಕೂಗಾಡಿದ್ದನ್ನು ಊರೆಲ್ಲ ಕೇಳಿತ್ತು. ಸೊರ್ವರಿಗೆ ಅಷ್ಟು ಸಾಕಾಯಿತು. ಅವಳು ರಾತ್ರಿ ಬಂದು ಎಂಜಿನ್ ಹಚ್ಚಿ, ಅಪ್ಪ ಸಾಯುವವರೆಗೆ ಕಾದು, ಆರಿಸಿ ಹೋದಳೆಂಬುದು ಅವನ ಲೆಕ್ಕ. ಮಂಗಳವಾರ ಸಂಜೆ ನಾಲ್ಕಕ್ಕೆ ಕಾಗದಪತ್ರ ತಂದು ಕರೆದೊಯ್ಯುತ್ತೇನೆ, ಊರು ಬಿಡಬೇಡ ಎಂದು ಹೇಳಿ ಹೋದ.

ಅಂದು ಮಧ್ಯಾಹ್ನ ಐಲಾ ಹಿಲ್ಯಕ್ಕನ ಅಡುಗೆಮನೆಗೆ ಬಂದಳು. ಹಿಲ್ಯಕ್ಕ ಮೂವತ್ತೆಂಟು ವರ್ಷ ಊರ ಶಾಲೆಯ ಬಾಯ್ಲರು ನೋಡಿಕೊಂಡವಳು. ಈಗ ಎಪ್ಪತ್ತೊಂದು. ಕಳೆದುಹೋದ ದೋಣಿಯಿಂದ ಹಿಡಿದು ಹೊಂಚುಹಾಕಿ ಹೊಡೆದ ಗುಂಡಿನವರೆಗೆ, ನಮ್ಮೂರಿನ ಯಾವ ಗೋಜಲಾದರೂ ಕೊನೆಗೆ ಅವಳ ಮೇಜಿನ ಮೇಲೆ ಬಂದು ಬೀಳುತ್ತದೆ. ನಾನು ಅವಳ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿರುವವನು. ಹಿಂದೆ ಅಂಚೆ ಗಾಡಿ ಓಡಿಸುತ್ತಿದ್ದೆ, ಈಗ ಅವಳನ್ನು ಓಡಾಡಿಸುತ್ತೇನೆ.

"ನಾನು ಕೊಂದಿಲ್ಲ, ಹಿಲ್ಯಕ್ಕ. ರಾತ್ರಿ ಹಾಸಿಗೆ ಬಿಟ್ಟು ಎದ್ದೇ ಇಲ್ಲ," ಎಂದಳು ಐಲಾ.

"ಅಳ್ಬೇಡ. ಅತ್ರೆ ಕಿವಿ ಕೇಳಿಸಲ್ಲ ನಂಗೆ. ಅಪ್ಪ ಶುಕ್ರವಾರ ಕೂಗಿದ್ದೇನು?"

"ಯೊರ್ಮನ್ನ ಬಿಟ್ಟು ಬಾ, ಭಾನುವಾರ ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ, ಇನ್ನೆಷ್ಟು ದಿನ ಏಟು ತಿಂತೀಯ ಅಂದ. ಜನ ಕೊನೇ ಮಾತಷ್ಟೇ ಕೇಳಿ, ಅಪ್ಪನೇ ಹೊಡೀತಾನೆ ಅಂದ್ಕೊಂಡ್ರು."

"ಹಿಮ ಒಟ್ಟೋ ಯೋಚ್ನೆ ನಿಂದೇನಾ?"

ಐಲಾ ಕಣ್ಣೊರೆಸಿಕೊಂಡಳು. "ಯೊರ್ಮ ಹೇಳಿದ್ದು. ನಿಮ್ಮಪ್ಪನ ಕಾಲು ತಣ್ಣಗಾಗುತ್ತೆ, ಹೋಗಿ ಒಟ್ಟು ಅಂದ. ಅಪರೂಪಕ್ಕೆ ಒಳ್ಳೇ ಮಾತಾಡ್ದ ಅಂತ ಖುಷಿಯಾಯ್ತು ನಂಗೆ."

ಅವಳು ಹೋದ ಮೇಲೆ ಹಿಲ್ಯಕ್ಕ ನನ್ನ ಬಲಗೈ ಹಿಡಿದು ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಈ ಕೈ ಆ ಹುಡುಗೀನ ಜೈಲಿಗೆ ಕಳಿಸ್ತಾ ಇದೆ, ತೌನೊ. ಎಂಜಿನ್ ನಿಜವಾಗ್ಲೂ ಬೆಚ್ಚಗಿತ್ತಾ, ಇಲ್ಲ ನಿಂಗೆ ವಯಸ್ಸಾಯ್ತಾ?"

"ಬೆಚ್ಚಗಿತ್ತು. ಸೊರ್ವರೀನೂ ಮುಟ್ಟಿ ನೋಡಿದಾನೆ."

"ಹಾಗಾದ್ರೆ ಬೆಚ್ಚಗೇ ಇತ್ತು. ನಡಿ."

ಕೆರೆಯ ದಂಡೆಯಲ್ಲಿ ಅವಳು ಮೊದಲು ನೋಡಿದ್ದು ವ್ಯಾನಿನ ಹಿಂಭಾಗ. ಐಲಾ ಬಿಟ್ಟಿದ್ದ ಸಂದಿಯಲ್ಲಿ ಬಗ್ಗಿ, ಹೊಗೆ ಕೊಳವೆಯ ಬಾಯಿಗೆ ಟಾರ್ಚು ಹಿಡಿದಳು. ಒಳಗೆ ಸೂಜಿಯಂಥ ಇಬ್ಬನಿ ಹರಳುಗಳು ಒತ್ತೊತ್ತಾಗಿ ಬೆಳೆದಿದ್ದವು, ಒಂದೂ ಮುರಿಯದೆ. ಅವಳು ಊದಿದಳು, ಹಿಟ್ಟಿನಂತೆ ಉದುರಿದವು.

ಆಮೇಲೆ ಮುಂದೆ ಬಂದು ವೈಪರುಗಳನ್ನು ನೋಡುತ್ತ ನಿಂತಳು. "ಇವು ಯಾವಾಗಿಂದ ಹೀಗಿವೆ?"

"ಶುಕ್ರವಾರ ನಾನು ಬಂದಾಗ ಕೆಳಗೇ ಇದ್ವು, ಹಿಮದಡಿ. ಔಲಿಸ್ ವೈಪರು ಎತ್ತೋನೇ ಅಲ್ಲ. ನಿಂತ ಗಾಡಿಗೆ ಯಾಕೆ ಅಂತಿದ್ದ."

"ಸರಿಯಾಗೇ ಅಂತಿದ್ದ," ಎಂದಳು. ಗಾಜಿನ ಕೆಳ ಅಂಚಿನಲ್ಲಿ ಮಂಜು ಕರಗಿ ಮತ್ತೆ ಗಟ್ಟಿಯಾಗಿ ಹೊಳೆಯುತ್ತಿತ್ತು.

ಕೊನೆಗೆ ನನ್ನಿಂದ ಹಿಮಸಾರಂಗದ ಚರ್ಮವೊಂದನ್ನು ಹಾಸಿಸಿಕೊಂಡು, ಮುಂದಿನ ಎಡಗಾಲಿಯ ಬಳಿ ಹಿಮವನ್ನು ಒಂದಿಷ್ಟು ತೋಡಿ, ಎಪ್ಪತ್ತೊಂದರ ಆ ದೇಹವನ್ನು ವ್ಯಾನಿನ ಅಡಿಗೆ ತುರುಕಿದಳು. ಬಹಳ ಹೊತ್ತು ಬೂಟುಗಳಷ್ಟೇ ಕಾಣುತ್ತಿದ್ದವು. ಒಳಗಿಂದ ಗೊಣಗಾಟ ಕೇಳುತ್ತಿತ್ತು. ಹೊರಬಂದಾಗ ಕೆನ್ನೆಗೆ ಮಸಿ ಮೆತ್ತಿತ್ತು.

"ನಮ್ಮ ಶಾಲೆ ಬಾಯ್ಲರಿನ ಮರಿ ಒಂದು ಅಲ್ಲಿ ಕೂತಿದೆ, ತೌನೊ. ಬ್ರೆಡ್ಡಿನಷ್ಟು ಉದ್ದ. ಕೆಳಗೆ ನೆಲದಲ್ಲಿ ಮಡಕೆಯಷ್ಟು ಗುಂಡಿ ಕರಗಿದೆ, ಕರ್ರಗೆ."

ಅಷ್ಟರಲ್ಲಿ ಯೊರ್ಮ ಸ್ನೋಮೊಬೈಲಿನಲ್ಲಿ ಬಂದು ನಿಂತ. "ಏನಜ್ಜಿ, ಗಾಡಿ ಕೊಳ್ತೀರಾ?"

"ಕೊಳ್ಳೋಣ ಅಂತಲೇ ಅಡಿಗೆ ಹೊಕ್ಕಿದ್ದೆ. ಅದೇನಪ್ಪ ಮುಂದ್ಗಡೆ ಡಬ್ಬ?"

"ಅದಾ? ಕಂಪನಿಯೋರೇ ಇಟ್ಟಿರೋ ಹೀಟರು. ಎಂಜಿನ್ ಓಡ್ತಿದ್ರೆ ಮಾತ್ರ ಓಡುತ್ತೆ, ನೀರು ಬೇಗ ಕಾಯ್ಲಿ ಅಂತ. ಕೀ ಇಲ್ದೆ ಅದು ಬರೀ ಕಬ್ಬಿಣ."

"ಸ್ಟೀರಿಂಗ್ ಪಕ್ಕ ಒಂದು ಪುಟ್ಟ ಗಡಿಯಾರ ಇದೆಯಲ್ಲ?"

"ಕೆಟ್ಟಿದೆ. ಮಾವನಿಗೂ ಹೇಳಿದ್ದೆ." ಅವನು ನಕ್ಕ. "ನಿಮ್ಮ ವಯಸ್ಸಿಗೆ ವ್ಯಾನಿನ ಅಡಿ ಮಲಗ್ಬಾರ್ದು, ಅಜ್ಜಿ. ಯಾರಾದ್ರೂ ಹೂತು ಬಿಟ್ಟಾರು."

ಗಡಿಯಾರದ ಪುಟ್ಟ ಕಿಟಕಿ ನಿಜಕ್ಕೂ ಕತ್ತಲಾಗಿತ್ತು. ಬ್ಯಾಟರಿ ಪೂರ್ತಿ ಬತ್ತಿತ್ತು. ಸೋಮವಾರ ಇಡೀ ಹಗಲು ನಾವಿಬ್ಬರೂ ವ್ಯಾನಿನಲ್ಲೇ ಕಳೆದೆವು. ನಾನು ಹೊಸ ಬ್ಯಾಟರಿ ಜೋಡಿಸಿದೆ, ಅವಳು ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಕೂತಳು. ಕತ್ತಲಾಗುವ ಹೊತ್ತಿಗೆ ಅವಳ ಮುಖದಲ್ಲಿ ನನಗೆ ಹಿಡಿಸದ ಒಂದು ಸಮಾಧಾನ ಬಂದಿತ್ತು.

"ಯೊರ್ಮನಿಗೆ ಕಾಫಿಗೆ ಹೇಳು. ನಾಳೆ ಮಧ್ಯಾಹ್ನ, ಈ ವ್ಯಾನಿನಲ್ಲೇ."

ಮಂಗಳವಾರ ಎರಡೂಮುಕ್ಕಾಲಿಗೆ ಐದು ಜನ ಒಳಗೆ ಕೂತೆವು: ಸೊರ್ವರಿ, ಐಲಾ, ಯೊರ್ಮ, ನಾನು, ಬಾಗಿಲಿಗೆ ಬೆನ್ನು ಕೊಟ್ಟು ಹಿಲ್ಯಕ್ಕ. ಹೊರಗೆ ಹಿಮದ ಗೋಡೆ ಮತ್ತೆ ಮೊದಲಿನಂತೆ ಗಟ್ಟಿಯಾಗಿ ನಿಂತಿತ್ತು. ಫ್ಲಾಸ್ಕಿನ ಕಾಫಿ, ಏಲಕ್ಕಿ ಬನ್ನು. ಔಲಿಸನ ಚರ್ಮಗಳ ಮೇಲೇ ಐಲಾ ಕೂತಿದ್ದಳು.

"ಬೇಗ ಹೇಳಿ ಮುಗ್ಸಿ, ಹಿಲ್ಯಕ್ಕ. ನಾಲ್ಕಕ್ಕೆ ಹೊರಡ್ಬೇಕು," ಎಂದ ಸೊರ್ವರಿ.

"ಅವಸರದೋನು ನೀನು ಮೊದಲಿಂದ್ಲೂ. ಶಾಲೆ ಗೇಟಿನ ಕಬ್ಬಿಣಕ್ಕೆ ನಾಲಿಗೆ ಅಂಟಿಸ್ಕೊಂಡು ಗೋಳಾಡ್ದಾಗ ಬಿಸಿನೀರು ಹೊಯ್ದು ಬಿಡಿಸಿದ್ದು ಯಾರು? ಆಗ್ಲೂ ಕಿತ್ಕೊಳ್ಳೋಕೆ ಹೊರಟಿದ್ದೆ. ಕೂತ್ಕೋ. ಕೀ ಎಲ್ಲಿದೆ?"

"ನನ್ನ ಜೇಬಲ್ಲಿ."

"ಅಲ್ಲೇ ಇರ್ಲಿ. ಈ ಎಂಜಿನ್ ಶನಿವಾರ ರಾತ್ರಿ ಓಡಿಲ್ಲ. ಓಡಿದ್ರೆ ಹಿಂದಿನ ಕೊಳವೆಯೊಳಗೆ ಇಬ್ಬನಿ ಸೂಜಿಗಳು ಉಳೀತಿರ್ಲಿಲ್ಲ. ಆದ್ರೂ ಬೆಚ್ಚಗಿತ್ತು. ಹಾಗಾದ್ರೆ ಅದು ತಾನಾಗಿ ಕಾದಿಲ್ಲ, ಯಾರೋ ಕಾಯಿಸಿದಾರೆ, ಕೆಟಲಿನ ಹಾಗೆ. ಮುಂದ್ಗಡೆ ಇರೋ ಡಬ್ಬ ಟ್ಯಾಂಕಿನಿಂದ ತೊಟ್ಟುತೊಟ್ಟು ಡೀಸೆಲ್ ಕುಡಿದು ಉರೀತದೆ, ಎಂಜಿನ್ನಿನ ನೀರು ಕಾಯಿಸಿ ತಿರುಗಿಸ್ತದೆ, ಜೊತೆಗೆ ಮುಂಗಾಜಿಗೆ ಗಾಳಿ ಊದೋ ಫ್ಯಾನೂ ಹಚ್ಚುತ್ತೆ. ಚಳೀಲಿ ಬೆಳಿಗ್ಗೆ ಗಾಡಿ ಬೇಗ ಹೊರಡ್ಲಿ ಅಂತ. ಅದಕ್ಕೆ ತನ್ನದೇ ಹೊಗೆ ಕೊಳವೆ ಇದೆ, ಮುಂದಿನ ಎಡಗಾಲಿ ಹತ್ರ, ಬೆರಳಿನಷ್ಟು ದಪ್ಪ. ಐಲಾ ಹಿಂದಿನ ಕೊಳವೆಗೆ ಜಾಗ ಬಿಟ್ಟಳು. ಇದು ಇರೋದೇ ಅವಳಿಗೆ ಗೊತ್ತಿರ್ಲಿಲ್ಲ. ಅಪ್ಪನಿಗೂ ಗೊತ್ತಿರ್ಲಿಲ್ಲ."

"ಅದು ಎಂಜಿನ್ ಓಡಿದ್ರೆ ಮಾತ್ರ—" ಎಂದು ಯೊರ್ಮ ಬಾಯಿ ಹಾಕಿದ.

"ಹೌದು, ಮೊನ್ನೆ ನೀನು ಹೇಳಿದ್ದೆ. ಬನ್ನು ತಿನ್ನು."

ಆಗ ಮೂರು ಗಂಟೆಯಾಯಿತು. ನೆಲದಡಿಯಿಂದ ಒಂದು ಸದ್ದು ಶುರುವಾಯಿತು. ಟಿಕ್. ಟಿಕ್. ಟಿಕ್. ಹಿಂದೆಯೇ ಯಾರೋ ಉಸಿರೆಳೆದಂತೆ ಒಂದು ಗುಂಯ್‌ಗುಡುವಿಕೆ. ಸ್ವಲ್ಪ ಹೊತ್ತಿಗೆ ಮುಂಗಾಜಿನ ಬಳಿ ಫ್ಯಾನು ತಾನಾಗಿ ತಿರುಗತೊಡಗಿತು.

ಸೊರ್ವರಿ ಜೇಬು ಮುಟ್ಟಿ ನೋಡಿಕೊಂಡ. ಕೀ ಅಲ್ಲೇ ಇತ್ತು.

ಹಿಲ್ಯಕ್ಕ ನಿಧಾನವಾಗಿ ಕಾಫಿ ಬಗ್ಗಿಸಿದಳು. "ಇನ್ನು ವೈಪರು. ಕೊರೆಯೋ ಒಣ ಚಳೀಲಿ ಎರಡು ವಾರ ನಿಂತ ಗಾಡಿಯ ವೈಪರು ಯಾರೂ ಎತ್ತಲ್ಲ. ಎತ್ತೋನು ಒಬ್ನೇ: ರಾತ್ರಿ ಗಾಜು ಕರಗಿ ಮತ್ತೆ ಹೆಪ್ಪುಗಟ್ಟುತ್ತೆ, ರಬ್ಬರ್ ಅಂಟ್ಕೊಳ್ಳುತ್ತೆ ಅಂತ ಗೊತ್ತಿರೋನು. ಹೀಟರಿಗೆ ಗಂಟೆ ಕೊಟ್ಟ ಕೂಡ್ಲೇ ಕೈ ತಾನಾಗಿ ವೈಪರಿಗೆ ಹೋಗೋನು. ದಿನಾ ಅದೇ ಕೆಲಸ ಮಾಡಿ ಮಾಡಿ ರೂಢಿಯಾದೋನು. ಶನಿವಾರ ಸಂಜೆ ಐದರಿಂದ ಏಳರವರೆಗೆ ಔಲಿಸ್ ನಮ್ಮ ಸೌನಾದಲ್ಲಿ ಹಬೆ ಸ್ನಾನಕ್ಕೆ ಕೂತಿದ್ದ. ನಮ್ಮೂರಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕಲ್ಲ."

ಯೊರ್ಮನ ಹಣೆಯಲ್ಲಿ ಬೆವರು ಮೂಡಿತ್ತು. ಅವನ ಕಣ್ಣು ಫ್ಯಾನಿನ ಜಾಲರಿಯ ಮೇಲಿತ್ತು. "ಬಾಗಿಲು ತೆಗೀರಿ. ಸೆಕೆ."

"ಸೆಕೆಯಾ? ಈಗಿನ್ನೂ ಶುರು."

"ಅಜ್ಜಿ, ತಮಾಷೆ ಸಾಕು."

"ನಂಗೂ ತಲೆ ಯಾಕೋ ಭಾರ ಅನ್ನಿಸ್ತಿದೆ," ಎಂದಳು ಹಿಲ್ಯಕ್ಕ, ಬನ್ನು ಮುರಿಯುತ್ತ. "ನಿಂಗೆ, ತೌನೊ?"

ನನಗೆ ಎಲ್ಲ ಗೊತ್ತಿದ್ದೂ ತಲೆ ಭಾರವೆನಿಸಿತು. ಐಲಾ ಮಾತ್ರ ಕದಲಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು, ಅಪ್ಪ ಕೇಳಿರಬಹುದಾದ ಆ ಟಿಕ್ ಟಿಕ್ಕನ್ನು ಕಿವಿಗೊಟ್ಟು ಕೇಳುತ್ತಿದ್ದಳು. ಹೀಗೇ ಹತ್ತು ನಿಮಿಷ ಕಳೆಯಿತು. ಅಂಥ ಹತ್ತು ನಿಮಿಷವನ್ನು ನಾನು ನಾಯಿಗೂ ಕೊಡಲಾರೆ. ಹಿಲ್ಯಕ್ಕ ಎರಡು ಬನ್ನು ತಿಂದಳು.

ಯೊರ್ಮ ಇದ್ದಕ್ಕಿದ್ದಂತೆ ಎದ್ದು ಅವಳ ಭುಜ ಹಿಡಿದು ಎಳೆದ. "ಏಳು ಮುದುಕಿ! ಹೊಗೆ ಎಂಜಿನ್ ಕೋಣೇಗೆ ಏರ್ತಾ ಇದೆ, ಫ್ಯಾನು ಎಲ್ಲಾನೂ ಒಳಗೆ ಎಳೀತಾ ಇದೆ! ಎಲ್ರೂ ಸಾಯ್ತೀವಿ!"

"ಎಂಜಿನ್ ಓಡ್ತಾ ಇಲ್ವಲ್ಲಪ್ಪ. ಕೀ ಇಲ್ದೆ ಅದು ಬರೀ ಕಬ್ಬಿಣ ಅಂದೋನು ನೀನೇ."

"ಗಡಿಯಾರದಿಂದ ಓಡುತ್ತೆ! ಆರಿಸು ಅದನ್ನ! ಮೂರು ಸುತ್ತು ಕೊಟ್ಟಿದ್ರೆ..." ಎಂದವನು ಅಲ್ಲಿಗೇ ನಿಂತ.

"ಮೂರು ಸುತ್ತು," ಎಂದಳು ಹಿಲ್ಯಕ್ಕ. "ಸೊರ್ವರಿ, ಬರ್ಕೋ. ಒಂದು ಸುತ್ತು ಒಂದು ಗಂಟೆ. ಗಡಿಯಾರದಲ್ಲಿ ಹೊತ್ತು ತುಂಬಿಸೋಕೆ ಮೂರು ಮನೆ ಇವೆ, ಮೂರನ್ನೂ ತುಂಬಿಸಿದ್ದು ಇವನು. ಅಷ್ಟು ಹೊತ್ತಿಗೆ ಬ್ಯಾಟರಿ ಬತ್ತಿ, ಗಡಿಯಾರದ ನೆನಪೂ ಅಳಿಸಿಹೋಗುತ್ತೆ ಅನ್ನೋದೂ ಇವನ ಲೆಕ್ಕದಲ್ಲಿತ್ತು. ನಾವು ಮೂರರ ಮಾತೇ ಎತ್ತಿರ್ಲಿಲ್ಲ."

ಸೊರ್ವರಿ ಬಿಳಿಚಿಕೊಂಡಿದ್ದ. "ಮೊದ್ಲು ಬಾಗಿಲು ತೆಗೀರಿ, ಹಿಲ್ಯಕ್ಕ!"

"ಏನೂ ಆಗಲ್ಲ ಕೂತ್ಕೋ. ಆ ಸಣ್ಣ ಕೊಳವೆಗೆ ನಿನ್ನೆ ಶಾಲೆ ಉಗ್ರಾಣದ ಉಕ್ಕಿನ ಪೈಪು ಸಿಕ್ಕಿಸಿ, ಹಿಮದಡಿ ಹತ್ತು ಮಾರು ಆಚೆ ಬಿಟ್ಟಿದೀವಿ. ಹೊಗೆ ಕೆರೆ ಮೇಲೆ ಹೋಗ್ತಿದೆ."

ಕೈಗೆ ಬೇಡಿ ಬೀಳುವಾಗ ಯೊರ್ಮ ಕೂಗಾಡಲಿಲ್ಲ. ಬಾಗಿಲ ಬಳಿ ನಿಂತು ಹೆಂಡತಿಯ ಕಡೆ ತಿರುಗಿದ. ಮನೆಯಲ್ಲಿ ಊಟಕ್ಕೆ ಕರೆಯುವವನ ದನಿಯಲ್ಲೇ ಹೇಳಿದ: "ಅಪ್ಪನ ಜೊತೆ ಹೋಗ್ತೀನಿ ಅಂತಿದ್ದೆಯಲ್ಲ. ನಾನು ಗುಂಡಿ ಒತ್ತಿದ್ದಷ್ಟೇ. ಹಿಮ ಮುಚ್ಚಿದ್ದು ನಿನ್ನ ಸಲಿಕೆ."

ಪೊಲೀಸ್ ಗಾಡಿ ಹೋದ ಮೇಲೂ ಐಲಾ ಅಲ್ಲೇ ನಿಂತಿದ್ದಳು. "ಅವನು ಅಂದಿದ್ದು ನಿಜಾನಾ, ಹಿಲ್ಯಕ್ಕ? ನಾನು ಹಿಮ ಒಟ್ಟದೇ ಇದ್ದಿದ್ರೆ?"

ಇಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸುಳ್ಳು ಹೇಳಿದ್ದರೆ ಹಿಲ್ಯಕ್ಕನಿಗೆ ಏನೂ ನಷ್ಟವಿರಲಿಲ್ಲ.

"ಬದುಕಿರ್ತಿದ್ದ," ಎಂದಳು ಅವಳು. "ಗಾಳಿ ಆಡ್ತಿತ್ತು. ಅದಕ್ಕೇ ನಿನ್ನ ಕೈಲಿ ಮಾಡಿಸಿದ. ಅವನಿಗೆ ಒಂದು ಸಾವು ಸಾಕಾಗ್ಲಿಲ್ಲ."

ಐಲಾ ತಲೆಯಾಡಿಸಿದಳು. ವ್ಯಾನಿಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಹಿಮದ ಗೋಡೆಯನ್ನು ಕೆಡವಲು ಶುರುಮಾಡಿದಳು. ಹಿಂದಿನಿಂದ ಹಿಡಿದು, ಬಲಬದಿ ಮುಗಿಸಿ, ತಾನೇ ತಟ್ಟಿ ಗಟ್ಟಿ ಮಾಡಿದ್ದನ್ನು ತುಂಡುತುಂಡಾಗಿ ಎತ್ತಿ ಎಸೆಯುತ್ತ ಬಂದಳು. ನಾನು ಕೈಜೋಡಿಸಲು ಹೊರಟೆ. ಹಿಲ್ಯಕ್ಕ ನನ್ನ ತೋಳು ಹಿಡಿದಳು.

"ಬಿಡು. ಅದು ಅವಳ ಕೆಲಸ."

ಮುಂದಿನ ಎಡಗಾಲಿಯ ಬಳಿ ಬಂದಾಗ ಅವಳು ಮೊಣಕಾಲೂರಿ ಕೂತಳು. ಕೈಗವಸು ಕಳಚಿ, ನೆಲದಲ್ಲಿ ಕರಗಿದ್ದ ಆ ಕಪ್ಪು ಗುಂಡಿಯೊಳಗೆ ಅಂಗೈಯಿಟ್ಟಳು. ಹೀಟರು ಆರಿ ಆಗಲೇ ಅರ್ಧ ಗಂಟೆಯಾಗಿತ್ತು. ಅಲ್ಲಿ ಬಿಸಿಯೇನೂ ಉಳಿದಿರಲಾರದು. ಆದರೂ ಬಹಳ ಹೊತ್ತು ಅವಳು ಕೈ ತೆಗೆಯಲಿಲ್ಲ.