ಬೀಗವಿಲ್ಲದ ಕೀಲಿಕೈ

"ಅವರ ಸಾಮಾನಿನ ಜೊತೆ ಈ ಕೀಲಿಕೈ ಕೊಟ್ರು ಮಾಮಾ. ಇದರ ಬೀಗ ಎಲ್ಲಿ?"

ಯುಯೆ-ಮೇ ಅದನ್ನು ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ಮುದುಕ ಕೋನ ಮೇಜಿನ ಮೇಲಿಟ್ಟಳು. ಹಿಂದಿನ ದಿನ ಷಿಂಚು ನಗರದ ಚಿಪ್ ಕಾರ್ಖಾನೆಯಲ್ಲಿ ಅವಳ ಗಂಡ ಚ್ಯೂ, ಏಳನೇ ಯಂತ್ರದ ತೆರೆದ ಪೆಟ್ಟಿಗೆಯೆದುರು ಶವವಾಗಿ ಸಿಕ್ಕಿದ್ದ. ನೆಲಮಾಳಿಗೆಯ ಜನರೇಟರಿನಿಂದ ಬರುವ ರೇಡಿಯೋ ಅಲೆಯ ಶಕ್ತಿಯನ್ನು ಯಂತ್ರದೊಳಗಿನ ವಿದ್ಯುತ್ ತುಂಬಿದ ಅನಿಲ, ಅಂದರೆ ಪ್ಲಾಸ್ಮಾದೊಳಕ್ಕೆ ದಾಟಿಸುವುದೇ ಆ ಪೆಟ್ಟಿಗೆಯ ಕೆಲಸ. ಹೊಂದಾಣಿಕೆ ತಪ್ಪಿದರೆ ಶಕ್ತಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಚಾಲೂ ಇರುವಾಗಲೇ ತೆರೆದ, ಅವನದೇ ತಪ್ಪು ಎಂದು ಎಲ್ಲರೂ ತೀರ್ಪು ಕೊಟ್ಟಾಗಿತ್ತು.

"ಅಪ್ಪ ಬೇಜವಾಬ್ದಾರಿಯಿಂದ ಸತ್ತ ಅಂತ ಕೇಳ್ಕೊಂಡೇ ನನ್ನ ಮಗ ಬೆಳೀಬೇಕಾ?"

ಕೋ ಎದ್ದು ಏಳನೇ ಯಂತ್ರದ ಕಡೆ ನಡೆದ. ಸಹಾಯಕ ಲಾಯ್ ಹಿಂಬಾಲಿಸಿದ. ಸತ್ತವನ ತಲೆಗೆ ತಪ್ಪು ಕಟ್ಟುವುದು ಸುಲಭ, ಅವನು ಎದುರಾಡುವುದಿಲ್ಲ ಎಂದು ಲಾಯ್‌ಗೆ ಸಿಟ್ಟು ಬಂದಿತ್ತು.

ಯಂತ್ರ ಮೊಂಡಾಟ ಮಾಡದಿರಲೆಂದು ಅಲ್ಲಿನವರು ನಂಬಿಕೆಯಿಂದ ಅದರ ನೆತ್ತಿಯ ಮೇಲಿಡುವ ಹಸಿರು ತಿಂಡಿ ಪೊಟ್ಟಣ ಪಕ್ಕದ ಕಪಾಟಿನಲ್ಲಿ ನೆಟ್ಟಗೆ ನಿಂತಿತ್ತು. ಕೋ ಅದನ್ನೇ ನೋಡುತ್ತ ನಿಂತ.

ಪಾಳಿಯ ಮುಖ್ಯಸ್ಥ ಫಾಂಗ್ ಹೇಳಿದ, "ನಾನು ನಿನ್ನೆ ನೆಲಮಾಳಿಗೆಗೆ ಇಳಿದೇ ಇಲ್ಲ. ಕಳಿಸಿದ ಶಕ್ತೀಲಿ ಅರ್ಧ ವಾಪಸ್ ಬರ್ತಿತ್ತು. ಸರಿ ಮಾಡೋ ಅವಸರದಲ್ಲಿ ಆರಿಸದೇ ತೆಗೆದಿದಾನೆ."

"ವಾಪಸ್ಸಾ? ಯಂತ್ರ ಓಡ್ತಿರುವಾಗ ನಾನು ಕೆಳಗೆ ನೋಡ್ದೆ, ಸೊನ್ನೆ ಇತ್ತು," ಎಂದ ಜನರೇಟರ್ ದುರಸ್ತಿಯ ತೂ. "ಪೆಟ್ಟಿಗೆಯ ಫ್ಯಾನ್ ಕೆಟ್ಟಿತ್ತು, ಅಷ್ಟೆ. ಆಮೇಲೆ ನಾನು ಊಟಕ್ಕೆ ಹೋದೆ. ಒಬ್ಬನೇ."

ಕೊನೆಗೆ ನೆಲಮಾಳಿಗೆಗೆ ಹೋಗಿದ್ದವನು ಇವನೇ ಎಂದುಕೊಂಡ ಲಾಯ್.

ಸಂಜೆ ಕೋ ಎಲ್ಲರನ್ನೂ ಯಂತ್ರದ ಬಳಿ ಸೇರಿಸಿದ. ಯುಯೆ-ಮೇಯೂ ಬಂದಿದ್ದಳು. ಕೋ ಕಪಾಟಿನತ್ತ ಬೆರಳು ತೋರಿಸಿದ.

"ಯಂತ್ರ ಎಚ್ಚರ ಇರುವಾಗ ನಮ್ಮಲ್ಲಿ ಯಾರೂ ಈ ಪೊಟ್ಟಣ ಇಳಿಸಲ್ಲ. ಚ್ಯೂ ಇಳಿಸಿದ್ದ. ಅಂದ್ರೆ ಮೊದಲು ಕೆಳಗೆ ಹೋಗಿ ಆರಿಸಿದ್ದ, ಬೇರೆಯವರು ಚಾಲೂ ಮಾಡದಿರಲಿ ಅಂತ ಸ್ವಿಚ್ಚಿಗೆ ತನ್ನ ಬೀಗ ಹಾಕಿದ್ದ. ಕೀಲಿಕೈ ಅವನ ಜೇಬಲ್ಲೇ ಇತ್ತು. ಬೀಗ ಮುರಿದು ಯಾರೋ ಚಾಲೂ ಮಾಡಿದಾರೆ."

"ಮುಚ್ಚಳ ತೆಗೆದ್ರೆ ತಾನೇ ಆರೋ ಸ್ವಿಚ್ಚು ಇದೆಯಲ್ಲ?" ಎಂದ ಲಾಯ್.

"ಅದು ಕೆಲಸ ಮಾಡದಿರಲಿ ಅಂತ ಟೇಪ್ ಸುತ್ತಿ ಎಷ್ಟೋ ತಿಂಗಳಾಯ್ತು. ಈ ಪಾಳೀಲಿ ಎಲ್ರಿಗೂ ಗೊತ್ತು," ಎಂದ ಕೋ.

ಯಾರೂ ತಲೆ ಎತ್ತಲಿಲ್ಲ. ಲಾಯ್ ತೂನತ್ತ ನೋಡಿದ. ಕೋ ಮಾತ್ರ ಫಾಂಗ್‌ನತ್ತ ತಿರುಗಿದ.

"ಮುಚ್ಚಳ ಹಾಕಿದ್ದಾಗ ಏನೂ ವಾಪಸ್ ಬರ್ತಿರಲಿಲ್ಲ, ತೂ ನೋಡಿದಾನೆ. ತೆರೆದು, ಒಳಗೆ ಕೈ ಇಟ್ಟಾಗ ಹೊಂದಾಣಿಕೆ ಕೆಡುತ್ತೆ, ಅರ್ಧ ವಾಪಸ್ ಬರುತ್ತೆ. ನೀನು ಹೇಳಿದ ಆ ಅಂಕಿ ಕಾಣೋದು ನೆಲಮಾಳಿಗೆಯಲ್ಲಿ ಮಾತ್ರ. ನೀನು ನೋಡಿದ್ದು ಚ್ಯೂ ಸಾಯೋದನ್ನ, ಫಾಂಗ್."

ಫಾಂಗ್ ಜೇಬಿಗೆ ಕೈ ಹಾಕಿದ. "ಚ್ಯೂ ಬೀಗ ಹಾಕಿ ಊಟಕ್ಕೆ ಹೋಗಿದಾನೆ ಅಂದ್ಕೊಂಡೆ. ಯಂತ್ರ ನಿಂತಿದ್ದಕ್ಕೆ ಮೇಲಿನವರು ಬೈತಿದ್ರು, ಬೀಗ ಕತ್ತರಿಸಿ ಚಾಲೂ ಮಾಡ್ದೆ. ಅಂಕಿ ನೋಡಿದ ಕೂಡ್ಲೇ ಆರಿಸ್ದೆ. ಅಷ್ಟರಲ್ಲೇ ಜೀವ ಹೋಗಿತ್ತು."

ಬೀಗ ಹೊರಗೆ ತೆಗೆದ. ಕೊಂಡಿ ತುಂಡಾಗಿತ್ತು.

ಯುಯೆ-ಮೇ ಅದನ್ನು ಕಿತ್ತುಕೊಂಡು ಕೀಲಿಕೈ ತೂರಿಸಿದಳು. ಅದು ಸಲೀಸಾಗಿ ತಿರುಗಿತು.

"ಹಾಕಿದ್ರು," ಎಂದಳು, ಅಳುತ್ತ. "ನನ್ನ ಗಂಡ ಬೀಗ ಹಾಕೇ ಬಂದಿದ್ರು."