ಮಾದಮ್ಮನ ಪಾಲು

ಅವರೆಕಾಯಿ ಕಾಲ. ಅರಸೀಕೆರೆಯ ಆಸ್ಪತ್ರೆಯ ವಾರ್ಡಿಗೂ ಅದರ ಸೊಗಡು ಹೊಕ್ಕಿತ್ತು. ಶನಿವಾರದ ಸ್ಕೂಲು ಮುಗಿಸಿ ಬಂದ ಸಿರಿ, ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕುಳಿತು ತಮ್ಮ ಹೊಲದ ಅವರೆಕಾಯಿ ಬಿಡಿಸುತ್ತಿದ್ದಳು.

“ಏನ್ ಮಗಾ, ಹಿಂಗೆ ಬಿಡಿಸಿದ್ರೆ ಸಾರು ಯುಗಾದಿಗೇ!”

ನಕ್ಕವಳು ಪಕ್ಕದ ಮಂಚದ ಮಾದಮ್ಮ, ಬಿಕ್ಕೋಡಿನ ಕಡೆಯವಳು. ಅಜ್ಜಿಯ ಹಾಗೆ ಅವಳದ್ದೂ ಮಂಡಿ ಆಪರೇಷನ್ನೇ. ಅವಳ ಮಡಿಲಲ್ಲೂ ಒಂದು ಮೊರ ಅವರೆಕಾಯಿ ಇತ್ತು. ನಿನ್ನೆ ಸಿರಿಯ ಮನೆಯಿಂದ ಬಂದಿದ್ದ ಕಾಯನ್ನೆಲ್ಲ ಬಿಡಿಸಿಕೊಟ್ಟವಳೂ ಅವಳೇ.

ಅಜ್ಜಿ ಶಿವಗಂಗಮ್ಮ ನಗಲಿಲ್ಲ. ಮಂಚದ ಸರಳನ್ನು ಬಿಗಿಯಾಗಿ ಹಿಡಿದು ಮಲಗಿದ್ದಳು.

ಎರಡು ಮಂಚಗಳ ನಡುವೆ ಒಂದು ಸ್ಟ್ಯಾಂಡ್. ಅದಕ್ಕೆ ಎರಡು ಬಟ್ಟೆಚೀಲ ನೇತುಹಾಕಿದ್ದರು. ಒಂದೊಂದು ಚೀಲದಲ್ಲೂ ನೋವಿನ ಔಷಧಿ ತುಂಬಿದ ಒಂದು ರಬ್ಬರ್ ಚೆಂಡು. ಚೆಂಡಿನಿಂದ ಸಣ್ಣ ಪೈಪು ಮಂಡಿಯ ಹತ್ತಿರ ಹೋಗುತ್ತಿತ್ತು. ನೋವು ಜಾಸ್ತಿಯಾದಾಗ ಪೈಪಿನಲ್ಲಿರುವ ಬಟನ್ ಒತ್ತಿದರೆ ಸಾಕು, ಇನ್ನಷ್ಟು ಔಷಧಿ ಇಳಿಯುತ್ತದೆ. ಚೆಂಡು ತಾನೇ ಕುಗ್ಗುತ್ತ ಔಷಧಿ ತಳ್ಳುತ್ತದೆ; ಕರೆಂಟೂ ಬೇಡ, ಇಂಜೆಕ್ಷನ್ನೂ ಬೇಡ.

“ಅಜ್ಜೀ, ಬಟನ್ ಒತ್ತು.”

“ಇರ್ಲಿ ಬಿಡು. ತಡ್ಕೊತೀನಿ.”

ಸಿರಿಗೆ ನೋಡಲಾಗಲಿಲ್ಲ. ಎದ್ದು ತಾನೇ ಬಟನ್ನಿಗೆ ಕೈ ಹಾಕಿದಳು.

“ಏಯ್, ಬೇಡ ಪುಟ್ಟಿ!” ಸಿಸ್ಟರ್ ಮಧುಶ್ರೀ ಬೇಗ ಬಂದು ಅವಳ ಕೈ ಹಿಡಿದಳು. “ನೋವು ಎಷ್ಟಿದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ? ಅದನ್ನ ಅಜ್ಜಿನೇ ಒತ್ತಬೇಕು. ಬೇರೆ ಯಾರೂ ಒತ್ತಬಾರದು.” ಆಮೇಲೆ ಅಜ್ಜಿಯ ಕಡೆ ತಿರುಗಿ, “ಬೆಳಿಗ್ಗೆನೂ ನೀವು ಕಾಲು ಊರಲಿಲ್ಲ. ನಾಲ್ಕು ಗಂಟೆಗೆ ನಡೆಸೋಕೆ ಬರ್ತಾರೆ. ಹೀಗೇ ಮಲಗಿದ್ರೆ ಮಂಡಿ ಬಿಗಿದುಕೊಳ್ಳುತ್ತೆ ಅಜ್ಜಿ” ಎಂದು ಹೇಳಿ ಹೋದಳು.

ಗಡಿಯಾರದಲ್ಲಿ ಮೂರು ದಾಟಿತ್ತು. ಸಿರಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು.

“ಯಾಕಜ್ಜೀ ಒತ್ತಲ್ಲ? ಭಯಾನಾ?”

ಅಜ್ಜಿ ಮೆಲ್ಲಗೆ ಹೇಳಿದಳು. “ನಮ್ಮ ತೋಟದ ಬೋರು ನೋಡಿಲ್ವೇನೇ? ಮೇಲಿನ ವಾಲ್ ತಿರುಗಿಸಿದ್ರೆ ಕೆಳಗಿನ ಸಾಲಿಗೆ ನೀರು ಹತ್ತಲ್ಲ. ಇಲ್ಲೂ ಹಂಗೇ, ಎರಡೂ ಒಂದೇ ಕಂಬದಾಗವೆ. ನಾನು ಒತ್ತಿದ್ರೆ ಆಯಮ್ಮಂಗೆ ಕಮ್ಮಿ ಆಯ್ತದೆ. ನಿನ್ನೆ ನಮ್ಮ ಕಾಯೆಲ್ಲ ಬಿಡಿಸ್ಕೊಟ್ಟವಳೆ, ಅವಳ ಪಾಲಿನ ಔಷಧಿ ನಾನು ಎಳ್ಕೊಳ್ಳಾದಾ?”

ಸಿರಿಗೆ ನಗು ಬಂತು. ಅಜ್ಜಿಯ ಮುಖ ನೋಡಿ ನಗಲಿಲ್ಲ. ಅಜ್ಜಿಯ ಬೆರಳು ಹಿಡಿದು ಪೈಪಿನ ಮೇಲೆ ಇಟ್ಟಳು. ಮಂಡಿಯಿಂದ ಬಟನ್ನಿಗೆ, ಬಟನ್ನಿನಿಂದ ಚೀಲದವರೆಗೆ ಆ ಬೆರಳನ್ನು ಸರಿಸಿದಳು. ಚೀಲದ ಬಾಯಿ ಬಿಚ್ಚಿ ತೋರಿಸಿದಳು.

“ಇದು ನಿಂದೊಂದೇ. ಅವರದ್ದು ಬೇರೆ ಚೆಂಡು. ಒಂದೇ ಬೋರಲ್ಲ ಅಜ್ಜೀ.”

ಇವರ ಮಾತು ಕೇಳಿಸಿಕೊಂಡ ಮಾದಮ್ಮನ ಕೈ ಮೊರದಲ್ಲೇ ನಿಂತಿತು. “ಅಯ್ಯೋ ಶಿವಗಂಗಕ್ಕಾ! ನಾನು ಬೆಳಿಗ್ಗೆಯಿಂದ ಬೇಕಾದಾಗೆಲ್ಲ ಒತ್ಕಂಡು ಆರಾಮಾಗಿವ್ನಿ. ನೀವು ನನಗೋಸ್ಕರ ಹಲ್ಲು ಕಚ್ಕಂಡಿದ್ರಾ?”

ಅಜ್ಜಿ ನಾಚಿದಳು. ಹೆಬ್ಬೆರಳಿಟ್ಟು ಬಟನ್ ಒತ್ತಿದಳು. ಟಕ್.

ನಾಲ್ಕು ಗಂಟೆಗೆ ವಾಕರ್ ಬಂತು. ಸಿಸ್ಟರ್ ಚೆಂಡಿನ ಚೀಲವನ್ನು ಸ್ಟ್ಯಾಂಡಿನಿಂದ ತೆಗೆದು, ಸ್ಕೂಲ್ ಬ್ಯಾಗಿನ ಹಾಗೆ ಅಜ್ಜಿಯ ಹೆಗಲಿಗೆ ಹಾಕಿದಳು. ಅಜ್ಜಿ ಕಾಲು ಊರಿದಳು. ಒಂದು ಹೆಜ್ಜೆ. ನಿಂತು, ಉಸಿರು ಬಿಟ್ಟು, ಇನ್ನೊಂದು. ಆರನೇ ಹೆಜ್ಜೆಗೆ ಮಾದಮ್ಮನ ಮಂಚ ಸಿಕ್ಕಿತು. ಅಲ್ಲಿದ್ದ ಕುರ್ಚಿಯ ಮೇಲೆ ಕುಳಿತವಳೇ ಮೊರ ಎಳೆದುಕೊಂಡಳು.

“ನಿನ್ನೆ ನಮ್ದು ನೀನು ಬಿಡಿಸ್ದೆ. ಇವತ್ತು ನಿಂದು ನಾನು. ಕೊಡು ಇಲ್ಲಿ.”

ಮೂವರೂ ಕಾಯಿ ಬಿಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ನೋವಿಗೆ ಅಜ್ಜಿಯ ಹುಬ್ಬು ಗಂಟಾಯಿತು. ಸಿರಿಯ ಕೈ ಬಟನ್ನಿನ ಕಡೆ ಎದ್ದಿತು. ಅಲ್ಲೇ ನಿಂತಿತು. ಅವಳು ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡು ಸುಮ್ಮನೆ ಕಾದಳು.

ಟಕ್, ಎಂದಿತು ಅಜ್ಜಿಯ ಬಟನ್.